ಗೊಣಗುತ್ತಲೇ ಕಟ್ಟಿಕೊಡುವ ಕಂಪೈಲರ್

ಟರ್ಮಿನಲ್‌ನಲ್ಲಿ ‘ಪಿಪ್ ಇನ್‌ಸ್ಟಾಲ್ ಸೈಪೈ’ ಎಂದು ಬರೆದರೆ ಕಾಫಿ ಆರುವುದರೊಳಗೆ ಪೈಥಾನ್‌ನ ವೈಜ್ಞಾನಿಕ ಲೆಕ್ಕಗಳ ಲೈಬ್ರರಿ ಸೈಪೈ ಬಂದು ಕೂತಿರುತ್ತದೆ. ಯಾರೋ ಪುಣ್ಯಾತ್ಮರು ಮೊದಲೇ ಕಂಪೈಲ್ ಮಾಡಿಟ್ಟ ‘ವ್ಹೀಲ್’ ಅದು; ಇಳಿಸಿಕೊಂಡು ಬಿಚ್ಚಿಟ್ಟರಾಯಿತು. ಆದರೂ ಅಂಗಡಿಯಲ್ಲಿ ಸಾರಿನ ಪುಡಿ ಸಿಗುವಾಗ ಮನೆಯಲ್ಲೇ ಮೆಣಸಿನಕಾಯಿ ಹುರಿದು ಕೆಮ್ಮುವವರಿಲ್ಲವೆ? ನಾನು ಆ ಪಂಗಡ. ಬಿಡುವಾದಾಗ ಸೋರ್ಸ್ ಕೋಡ್ ತಂದು ಕಟ್ಟಲು ಕೂರುತ್ತೇನೆ.

ಮೊದಲ ತಪಾಸಣೆ ಮೆಸಾನ್‌ನದು. 2022ರಿಂದ ಸೈಪೈ ನೆಚ್ಚಿಕೊಂಡಿರುವ ಬಿಲ್ಡ್ ವ್ಯವಸ್ಥೆಯಿದು. ಸಿ ಕಂಪೈಲರ್ ಇದೆಯೆ, ಜಿಫೋರ್ಟ್ರಾನ್ ಇದೆಯೆ, ಸೈಥಾನ್ ಎಲ್ಲಿ, ಓಪನ್‌ಬ್ಲಾಸ್ ಎಲ್ಲಿ ಎಂದು ಒಂದೊಂದಾಗಿ ವಿಚಾರಿಸುತ್ತದೆ. ಎಲ್ಲದಕ್ಕೂ ‘ಯೆಸ್’ ಬಿದ್ದ ಮೇಲೆ ಕಂಪೈಲ್ ಮಾಡಿಸುವ ನಿಂಜಾ ಕೆಲಸ ಹಿಡಿಯುತ್ತದೆ. ಸಾವಿರ ದಾಟುವ ಹೆಜ್ಜೆಗಳ ಎಣಿಕೆ ಪರದೆಯ ಮೇಲೆ ಓಡುತ್ತದೆ, ಲ್ಯಾಪ್‌ಟಾಪಿನ ಫ್ಯಾನು ಏದುಸಿರು ಬಿಡುತ್ತದೆ.

ನನಗೆ ರುಚಿಸುವುದು ಫೋರ್ಟ್ರಾನ್ ಕಡತಗಳ ಸರದಿ. ಈ ಬಗೆಯ ಡೂ ಲೂಪನ್ನು ಫೋರ್ಟ್ರಾನ್ 2018 ಕೈಬಿಟ್ಟಿದೆ ಎಂದು ಕಂಪೈಲರ್ ಸಾಲುಸಾಲಾಗಿ ಗೊಣಗುತ್ತದೆ. ಗೊಣಗುತ್ತಲೇ ಕೆಲಸ ಮಾಡಿಕೊಡುತ್ತದೆ. ಬೈಸಿಕೊಂಡವರು ಯಾರೆಂದು ಕಡತ ತೆರೆದು ನೋಡುವುದು ನನ್ನ ಚಟ. ಸಾಲುಗಳೆಲ್ಲ 7ನೇ ಕಾಲಮ್ಮಿನಲ್ಲಿ ಶುರುವಾಗಿ 72 ದಾಟದೆ ನಿಲ್ಲುತ್ತವೆ. ಪಂಚ್ ಕಾರ್ಡ್ ಕಾಲದ ಶಿಸ್ತು. ಹಾಗೇ ಸುತ್ತಾಡುತ್ತ, ಬಿಂದುಗಳಿಗೆ ರೇಖೆ ಹೊಂದಿಸುವಂಥ ಲೆಕ್ಕ ಮಾಡುವ ಮಿನ್‌ಪ್ಯಾಕ್ ಕಡತಗಳಿಗೆ ಬಂದರೆ, ಟಿಪ್ಪಣಿಯಲ್ಲಿ ಅಮೆರಿಕದ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದ ಹೆಸರು, ಮಾರ್ಚ್ 1980 ಎಂಬ ತಾರೀಖು, ಕೆಳಗೆ ಗಾರ್ಬೋ, ಹಿಲ್‌ಸ್ಟ್ರಾಮ್, ಮೋರೆ ಎಂಬ ಮೂವರು. ಪೈಥಾನ್ ಲೋಕಕ್ಕೆ ಬಂದದ್ದೇ 1991ರಲ್ಲಿ! ಮಗುವಿಗಿಂತ ಮೊದಲೇ ಹುಟ್ಟಿದ ಲೆಕ್ಕ ಅದರ ಹೊಟ್ಟೆಯೊಳಗಿದೆ.

ಈಚಿನ ಆವೃತ್ತಿಗಳಲ್ಲಿ ಮಿನ್‌ಪ್ಯಾಕ್ ಸಿ ಭಾಷೆಗೆ ಬದಲಾಗಿದೆ. ಕಟ್ಟುವವರ ತಲೆನೋವು ತಗ್ಗಿತು, ಒಪ್ಪುತ್ತೇನೆ. ನಾನು ಮಾತ್ರ ಹಟಕ್ಕೆ ಬಿದ್ದು ಹಳೆಯ 1.11ನ್ನೇ ಕಟ್ಟುತ್ತೇನೆ.

ಇಷ್ಟೆಲ್ಲ ಒದ್ದಾಡಿದರೂ ಇಳಿಸಿಕೊಂಡ ಸೈಪೈ ಕೊಡುವ ಉತ್ತರವನ್ನೇ ಇದೂ ಕೊಡುತ್ತದಲ್ಲ, ಲಾಭವೇನು ಎಂದು ಮನೆಯಲ್ಲಿ ಕೇಳುತ್ತಾರೆ. ಚೆಲ್ಲಾಪಿಲ್ಲಿಯಾದ ಬಿಂದುಗಳಿಗೆ ಒಂದು ರೇಖೆ ಹೊಂದಿಸಲು ‘ಕರ್ವ್ ಫಿಟ್’ ಅನ್ನು ಕರೆದಾಗ, ಒಳಗೆ ಕೂತು ಲೆಕ್ಕ ಮಾಡುತ್ತಿರುವವರು ಯಾರೆಂದು ನನಗೆ ಗೊತ್ತಿರುತ್ತದೆ. ಉತ್ತರದ ಮೇಲೆ ಅನುಮಾನ ಬಂದರೆ ಯಾರ ಬಾಗಿಲು ತಟ್ಟಬೇಕೆಂಬುದೂ!