ಡೋಂಗರಿಯ ಹಳೆಯ ಗೋಡೆ

ಮುಂಬಯಿಯಲ್ಲಿ ಮಗನ ಮನೆಗೆ ಹೋಗಿದ್ದಾಗ ಒಂದು ಪ್ರಾತಃಕಾಲ ಸ್ಯಾಂಡ್‌ಹರ್ಸ್ಟ್ ರೋಡ್ ನಿಲ್ದಾಣದಲ್ಲಿಳಿದು ಡೋಂಗರಿಯ ಉಮರಖಾಡಿಗೆ ನಡೆದೆನು. ಅಲ್ಲಿ ಹಿಂದೆ ಸೆರೆಮನೆಯಿದ್ದಿತು. 1882ರಲ್ಲಿ ಲೋಕಮಾನ್ಯ ಟಿಳಕರೂ ಆಗರಕರರೂ ಕೊಲ್ಹಾಪುರದ ಮಾನನಷ್ಟದ ಮೊಕದ್ದಮೆಯಲ್ಲಿ ಶಿಕ್ಷೆ ಹೊಂದಿ 101 ದಿನಗಳನ್ನು ಕಳೆದುದು ಅಲ್ಲಿಯೇ. ಆ ಸ್ಥಳದ ದರ್ಶನಕ್ಕೆಂದೇ ನಾನು ಹೋದುದು.

ಈಗ ಅಲ್ಲಿರುವವರು ಬಾಲಕರು. ಮುಂಬಯಿ ಪ್ರಾಂತದಲ್ಲಿ 1924ರಲ್ಲಿ ಮಕ್ಕಳ ಕಾನೂನು ಹುಟ್ಟಿತು. 1927ರಲ್ಲಿ ಚಿಲ್ಡ್ರನ್ಸ್ ಏಡ್ ಸೊಸೈಟಿಯು ಸ್ಥಾಪಿತವಾಯಿತು. ಮುಂದೆ ಆ ಸಂಸ್ಥೆಯ ಕೈಯಲ್ಲಿ ಹಳೆಯ ಸೆರೆಮನೆಯು ಬಾಲಗೃಹವಾಯಿತು.

ಬಾಗಿಲ ಬಳಿ ಕಾವಲುಗಾರನು, “ಹೊರಗಿನವರಿಗೆ ಅಪ್ಪಣೆಯಿಲ್ಲ, ಕಾಕಾ” ಎಂದನು. ಮೊದಲು ಅಸಮಾಧಾನವಾಯಿತು; ಯೋಚಿಸಿದಾಗ ಅದೇ ಧರ್ಮವೆಂದು ತೋರಿತು. 2015ರ ಬಾಲನ್ಯಾಯ ಕಾನೂನು ತಪ್ಪಿದ ಹುಡುಗನನ್ನು ಅಪರಾಧಿಯೆಂದು ಕರೆಯುವುದಿಲ್ಲ; ಅವನ ಹೆಸರನ್ನಾಗಲಿ ಊರನ್ನಾಗಲಿ ಪತ್ರಿಕೆಗಳು ಪ್ರಕಟಿಸಕೂಡದು. ವಿಚಾರಿಸುವ ಮಂಡಲಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟರ ಜೊತೆಗೆ ಇಬ್ಬರು ಸಮಾಜಸೇವಕರಿರುತ್ತಾರೆ. ಅವರಲ್ಲಿ ಒಬ್ಬರಾದರೂ ಸ್ತ್ರೀಯಾಗಿರಬೇಕು. ಬುದ್ಧಿ ಹೇಳಿ ಮನೆಗೆ ಕಳುಹಬಹುದು, ಸಮಾಜಸೇವೆಗೆ ಹಚ್ಚಬಹುದು, ವಿಶೇಷಗೃಹದಲ್ಲಿ ಹೆಚ್ಚೆಂದರೆ 3 ವರ್ಷ ಇರಿಸಬಹುದು. 16 ವರ್ಷ ತುಂಬಿದವನು ಘೋರಕೃತ್ಯವನ್ನೆಸಗಿದ್ದರೆ ಮಾತ್ರ ವಯಸ್ಕನಂತೆ ವಿಚಾರಣೆಗೆ ಒಳಗಾಗುವ ಸಂಭವವುಂಟು. ಅಂಥ ಕೆಲವು ಪ್ರಕರಣಗಳ ಹೊರತು, ಎಲ್ಲವೂ ಮುಗಿದ ಮೇಲೆ ತಪ್ಪಿನ ದಾಖಲೆಯನ್ನೇ ನಾಶಮಾಡಬೇಕೆಂದು ವಿಧಿಯಿದೆ.

ಈ ಕೊನೆಯ ಮಾತು ನನ್ನನ್ನು ಚುಚ್ಚಿತು. ನಾನು ಉಪಾಧ್ಯಾಯನಾಗಿದ್ದಾಗ ಎಂಟನೆಯ ತರಗತಿಯ ಹುಡುಗನೊಬ್ಬನು ಸಹಪಾಠಿಯ ಶುಲ್ಕದ ಹಣವನ್ನು ಕದ್ದನು. ಮರುದಿನವೇ ಅಳುತ್ತ ತಂದು ಒಪ್ಪಿಸಿದನು. ಆದರೂ ಅವನ ವರ್ಗಾವಣೆ ಪತ್ರದಲ್ಲಿ ‘ನಡತೆ: ಚೌರ್ಯಸ್ವಭಾವ’ ಎಂದು ಕೆಂಪುಶಾಯಿಯಲ್ಲಿ ಬರೆದೆನು, ಶುದ್ಧ ಸಂಸ್ಕೃತಪದವೆಂಬ ಹೆಮ್ಮೆ ಬೇರೆ! ಆ ಪತ್ರವನ್ನು ನೋಡಿ ಬೇರೆ ಶಾಲೆಯವರು ಅವನನ್ನು ಸೇರಿಸಿಕೊಳ್ಳಲಿಲ್ಲವೆಂದು ಅವನ ತಾಯಿ ಬಂದು ಹೇಳಿದಳು. ನಾನು ತಿದ್ದಲಿಲ್ಲ. ಒಂದು ದಿನದ ಕೃತ್ಯವನ್ನು ಸ್ವಭಾವವೆಂದು ಕರೆದೆನಲ್ಲ, ಅದಕ್ಕೆ ಯಾವ ಮಂಡಲಿಯು ನನ್ನನ್ನು ವಿಚಾರಿಸಬೇಕು?

ಗೃಹಸ್ಥರಾದ ವಾಚಕರಲ್ಲಿ ನನ್ನದೊಂದು ಬಿನ್ನಹ. ಇಂತಹ ಗೃಹದಿಂದ ಹೊರಬಂದ ಹುಡುಗನು ನಿಮ್ಮ ಅಂಗಡಿಗೋ ಮನೆಗೋ ಕೆಲಸ ಕೇಳಿ ಬಂದರೆ ಹಳೆಯ ಕಥೆಯನ್ನು ಕೆದಕಬೇಡಿರಿ. ಸರಕಾರವು ಅಳಿಸಿದುದನ್ನು ನೆರೆಹೊರೆಯವರು ಮತ್ತೆ ಬರೆದರೆ ಕಾನೂನು ಮಾಡಿ ಫಲವೇನು?

ಗೋಡೆಯಾಚೆ ಮಕ್ಕಳ ಗದ್ದಲ ಕೇಳಿಸುತ್ತಿದ್ದಿತು. ಸ್ವಲ್ಪ ಹೊತ್ತು ನಿಂತು ಕೇಳಿ ಹಿಂದಿರುಗಿದೆನು.