ಒಂದು ದಿನದ ಬಿಸಿಲು, ನೂರು ವರ್ಷದ ಲೆಕ್ಕ

ಮೇ ತಿಂಗಳು ಬಂತೆಂದರೆ ದೆಹಲಿಯಲ್ಲಿರುವ ನಮ್ಮ ಮಾತೆಲ್ಲ ಬಿಸಿಲಿನದೇ. "ಇಂಥ ಸೆಕೆ ಹಿಂದೆಂದೂ ಕಂಡಿರಲಿಲ್ಲ" ಎಂದು ಪ್ರತಿ ವರ್ಷವೂ ಅನ್ನುತ್ತೇವೆ. ಜನವರಿಯ ಮಂಜಿನಲ್ಲಿ ನಡುಗುವಾಗ, "ಭೂಮಿ ಬಿಸಿಯಾಗುತ್ತಿದೆಯಂತೆ, ಎಲ್ಲಿ ಸ್ವಾಮಿ?" ಎಂದು ನಗುತ್ತೇವೆ. ಎರಡೂ ನಮ್ಮ ಮೈ ಹೇಳುವ ಸಾಕ್ಷಿ. ಅದನ್ನು ನಂಬಿ ತೀರ್ಪು ಕೊಡುವಂತಿಲ್ಲ.

ಒಂದೇ ಮಾಪಕದ ಸಾಕ್ಷಿಯನ್ನೂ ನಂಬುವಂತಿಲ್ಲ. 2024ರ ಮೇ 29ರಂದು ದೆಹಲಿಯ ಮುಂಗೇಶಪುರದಲ್ಲಿ 52.9 ಡಿಗ್ರಿ ಉಷ್ಣತೆ ದಾಖಲಾಯಿತೆಂದು ಸುದ್ದಿಯಾಯಿತು. ಅದೇ ದಿನ ಸಫ್ದರ್‌ಜಂಗ್‌ನಲ್ಲಿ ಇದ್ದದ್ದು 46.8. ಹವಾಮಾನ ಇಲಾಖೆ ಪರೀಕ್ಷಿಸಿ ನೋಡಿದಾಗ ಆ ಮಾಪಕ 3 ಡಿಗ್ರಿ ಹೆಚ್ಚು ತೋರಿಸುತ್ತಿತ್ತೆಂದು ತಿಳಿಯಿತು.

ಹಾಗಾದರೆ ಲೆಕ್ಕ ಹಾಕುವುದು ಹೇಗೆ? ಒಂದೂರಿನ ಒಂದೊಂದು ವರ್ಷದ ಸರಾಸರಿ ಉಷ್ಣತೆಯನ್ನು ಸಾಲಾಗಿ ಬರೆಯೋಣ. ಅಂಕಿಗಳು ಮೇಲೆ ಕೆಳಗೆ ಕುಣಿಯುತ್ತವೆ. ಅವುಗಳ ನಡುವೆ ಒಂದು ಸರಳರೇಖೆ ಎಳೆದರೆ ಅದು ಎಷ್ಟು ಏರಿದೆ ಎಂಬುದು ಕಾಣುತ್ತದೆ. ಆ ಏರಿಕೆ ಆಕಸ್ಮಿಕವೇ? ಅಂಕಿಗಳನ್ನು ಚೀಟಿಗಳಲ್ಲಿ ಬರೆದು, ಡಬ್ಬಿಯಲ್ಲಿ ಕಲಸಿ, ಒಂದೊಂದಾಗಿ ಎತ್ತಿ ಹೊಸ ಸಾಲು ಮಾಡೋಣ. ಸಾವಿರ ಸಲ ಎತ್ತಿದರೂ ಅಷ್ಟು ಏರಿಕೆ ಬಾರದಿದ್ದರೆ ಅದು ಬರಿಯ ಆಕಸ್ಮಿಕವೆನ್ನುವುದು ಕಷ್ಟ. ನಮ್ಮ ಚೀಟಿ ವ್ಯವಹಾರದಷ್ಟೇ ಸರಳವಾದ ಸಂಖ್ಯಾಶಾಸ್ತ್ರವಿದು.

ಎಚ್ಚರವೂ ಬೇಕು. ಮಾಪಕದ ಜಾಗ ಬದಲಾಗಿರಬಹುದು. ಸುತ್ತ ಕಟ್ಟಡ, ಡಾಂಬರು ರಸ್ತೆಗಳು ಬೆಳೆದಿರಬಹುದು. ಕಾಂಕ್ರೀಟು ಹಗಲು ಹೀರಿದ ಶಾಖವನ್ನು ರಾತ್ರಿ ಬಿಡುವುದರಿಂದ ನಗರದ ರಾತ್ರಿಗಳು ಹೆಚ್ಚು ಬಿಸಿಯಾಗುತ್ತವೆ. ಆದುದರಿಂದ ಹಳ್ಳಿಗಾಡಿನ ಕೇಂದ್ರಗಳ ಅಂಕಿಗಳೊಡನೆ ಹೋಲಿಸಲೇಬೇಕು. 1938ರಲ್ಲಿ ಇಂಗ್ಲೆಂಡಿನ ಕ್ಯಾಲೆಂಡರ್ ಎಂಬ ಎಂಜಿನಿಯರು ಜಗತ್ತಿನ 147 ಕೇಂದ್ರಗಳ ದಾಖಲೆಗಳನ್ನು ಕೂಡಿಸಿ, ಕೈಯಿಂದಲೇ ಲೆಕ್ಕ ಹಾಕಿ, ಭೂಮಿ ಬಿಸಿಯಾಗುತ್ತಿದೆಯೆಂದು ತೋರಿಸಿದರು. ಹವಾಮಾನ ಅವರ ನೌಕರಿಯಾಗಿರಲಿಲ್ಲ, ಬಿಡುವಿನ ಕೆಲಸವಾಗಿತ್ತು.

ನಮ್ಮ ದೇಶದ ಸರಾಸರಿ ಉಷ್ಣತೆ 1901ರಿಂದ 2018ರವರೆಗೆ ಸುಮಾರು 0.7 ಡಿಗ್ರಿ ಏರಿದೆ. "ಇಷ್ಟೇನಾ?" ಎನ್ನಬೇಡಿ. ಸರಾಸರಿ ಸ್ವಲ್ಪ ಸರಿದರೂ ಅಂಚಿನಲ್ಲಿರುವ ವಿಪರೀತ ಬಿಸಿಯ ದಿನಗಳು ಬಹಳ ಹೆಚ್ಚುತ್ತವೆ. ಕೂಲರಿನ ಮುಂದೆ ಕುಳಿತ ನಾವು ಅವನ್ನು ಹೇಗೋ ಕಳೆಯುತ್ತೇವೆ. ನಮ್ಮ ಬೀದಿಯಲ್ಲಿ ಇಸ್ತ್ರಿ ಹಾಕುವವರು, ರಿಕ್ಷಾ ತುಳಿಯುವವರು ಹೇಗೆ ಕಳೆಯಬೇಕು? ಅವರ ಕೆಲಸದ ವೇಳೆ, ನೆರಳು, ನೀರಿನ ಏರ್ಪಾಡು ಇಂಥ ಲೆಕ್ಕದ ಮೇಲೆ ನಿಲ್ಲಬೇಕು.

ಸುಳ್ಳು ಅಂಕಿಯೊಂದನ್ನು ಹಿಡಿದು ಕೂಗಿದರೆ, ಅದು ಬಿದ್ದ ದಿನ ನಿಜವಾದ ಲೆಕ್ಕವನ್ನೂ ಜನ ನಂಬುವುದಿಲ್ಲ. ಫೈಲುಗಳ ನಡುವೆ ಬದುಕುವ ನಮ್ಮಂಥವರಿಗೆ ಇದು ಬೇಗ ಅರ್ಥವಾಗಬೇಕು. ದಿನವೂ ಅದೇ ಹೊತ್ತಿಗೆ ಅದೇ ಜಾಗದಲ್ಲಿ ಮಾಪಕ ನೋಡಿ ಅಂಕಿ ಬರೆದಿಡುವ ನೌಕರ ಮಾಡುವುದು ಸಣ್ಣ ಕೆಲಸವಲ್ಲ.