ಬಿಡ್ತು ಅನ್ನು

ತೊಂಬತ್ತರ ದಶಕದ ನಾಯಂಡಹಳ್ಳಿಯಲ್ಲಿ ಸಂಸಾರದ ಕಾರು ಎಂದರೆ ಮಾರುತಿ 800. ನಮ್ಮ ಮನೆಗೆ ಅದು ಬಂದದ್ದು ಸೆಕೆಂಡ್ ಹ್ಯಾಂಡ್ ಆಗಿ. ಕೊಳ್ಳುವ ಮೊದಲು ಅಪ್ಪ ವಿಚಾರಿಸಿದ್ದು ಮೈಲೇಜ್ ಎಷ್ಟು, ಎಂಜಿನ್ ಬಿಚ್ಚಿದ್ದಾರಾ, ಮುಂದೆ ಮಾರಿದರೆ ಎಷ್ಟು ಸಿಗಬಹುದು ಅಂತ. ಗುದ್ದಿದರೆ ಒಳಗಿದ್ದವರಿಗೆ ಏನಾಗುತ್ತದೆ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಅಜ್ಜಿ "ಬಿಡ್ತು ಅನ್ನು" ಎಂದು ಗದರುತ್ತಿದ್ದರು. ಮೈಸೂರು ರಸ್ತೆಯ ಗಾಳಿ ಆಂಜನೇಯನ ಗುಡಿಯ ಮುಂದೆ ಪೂಜೆ ಮಾಡಿಸಿ, ನಾಲ್ಕು ಚಕ್ರಕ್ಕೂ ನಿಂಬೆಹಣ್ಣಿಟ್ಟು ಹತ್ತಿಸಿದ ಮೇಲೆ ಸುರಕ್ಷತೆಯ ವಿಷಯ ಮುಗಿದಂತೆ.

ಭಾನುವಾರ ಮಂಡ್ಯದ ಕಡೆ ಹೊರಟರೆ ಅಮ್ಮನ ಮಡಿಲಲ್ಲಿ ತಂಗಿ, ಹಿಂದೆ ಐದು ಜನ. ಅವರಲ್ಲಿ ಚಿಕ್ಕವನು ಮುಂದಿನ ಎರಡು ಸೀಟುಗಳ ಸಂದಿಯಲ್ಲಿ ನಿಂತು ರಸ್ತೆ ನೋಡುತ್ತಿದ್ದ. ವೃಷಭಾವತಿಯ ವಾಸನೆ ದಾಟುವವರೆಗೆ ಗಾಜು ಏರಿಸಿಕೊಂಡಿರುತ್ತಿದ್ದೆವು. ಮುಂದಿನ ಸೀಟಿಗೆ ಬೆಲ್ಟ್ ಇತ್ತು, ಆದರೆ ರೆಕ್ಸಿನ್ ಸೀಟ್ ಕವರ್ ಹಾಕಿಸಿದ ದಿನ ಬಕಲ್ ಅದರಡಿ ಸೇರಿತು. ಅದನ್ನು ಹೊರಗೆ ತೆಗೆಯಬೇಕೆಂದು ಯಾರಿಗೂ ಅನ್ನಿಸಲಿಲ್ಲ. ಐವತ್ತು ಕಿ.ಮೀ. ವೇಗದಲ್ಲಿ ಗುದ್ದಿದರೆ ಹತ್ತು ಕೆಜಿಯ ಮಗು ಆ ಗಳಿಗೆಗೆ ನೂರಾರು ಕೆಜಿ ಭಾರವಾಗುತ್ತದೆ; ಎಂಥ ತಾಯಿಯ ಕೈಗೂ ನಿಲ್ಲುವುದಿಲ್ಲ.

ಗಟ್ಟಿತನದ ಅಳತೆಯೂ ಆಗ ಬೇರೆ. ಟಿಂಕರಿಂಗ್ ಅಂಗಡಿಯವನು ನಮ್ಮ ಗಾಡಿಯ ಬಾಗಿಲನ್ನು ಹೆಬ್ಬೆರಳಲ್ಲಿ ಒತ್ತಿ, "ನೋಡಿ ಸಾರ್, ಬೆರಳಿಗೇ ತಗ್ಗು ಬೀಳುತ್ತೆ. ಅಂಬಾಸಿಡರ್‌ಗೆ ಗುದ್ದಿದ್ರೂ ಏನೂ ಆಗಲ್ಲ" ಎನ್ನುತ್ತಿದ್ದ. ಗಾಡಿಗೆ ಏನೂ ಆಗದಿದ್ದರೆ ಆಗುವುದೆಲ್ಲ ಒಳಗಿದ್ದವರಿಗೇ. ಮೂತಿ ಮಡಚಿಕೊಂಡು ಪೆಟ್ಟನ್ನು ನುಂಗಬೇಕು, ಜನ ಕೂರುವ ಗೂಡು ಮಾತ್ರ ಮಡಚಬಾರದು. ಇದು ಗೊತ್ತಿಲ್ಲದೆ ಊರಿಗೆ ಊರೇ ಬಂಪರಿನ ಮುಂದೆ ಸ್ಟೀಲ್ ಗಾರ್ಡ್ ಹಾಕಿಸಿತು. ಕೇಂದ್ರ ಸರ್ಕಾರ ಅದನ್ನು ಬೇಡವೆಂದದ್ದು 2017ರ ಡಿಸೆಂಬರಿನಲ್ಲಿ.

2011ರಲ್ಲಿ ಇದೇ ಮೈಸೂರು ರಸ್ತೆಯ ಬಿಡದಿಯಿಂದ ಟೊಯೋಟಾದ ಎಟಿಯೋಸ್ ಲಿವಾ ಹೊರಬಂತು. ಏರ್‌ಬ್ಯಾಗ್ ಆಗ ಟಾಪ್ ಎಂಡ್‌ನ ಅಲಂಕಾರ. ಕೆಳಗಿನ ವೇರಿಯೆಂಟ್‌ಗಳಿಗೆ ಇರಲಿಲ್ಲ. ಅಷ್ಟು ದುಡ್ಡಿಗೆ ಮ್ಯೂಸಿಕ್ ಸಿಸ್ಟಂ ಬರುತ್ತದಲ್ಲ ಎಂಬುದು ನಮ್ಮ ಕಡೆಯ ಲೆಕ್ಕ. ಎರಡು ಏರ್‌ಬ್ಯಾಗ್ ಇದ್ದ ಎಟಿಯೋಸ್‌ಗೆ ಮುಂದೆ, ಕಾರುಗಳನ್ನು ಗುದ್ದಿಸಿ ಸುರಕ್ಷತೆ ಅಳೆಯುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ದೊಡ್ಡವರ ರಕ್ಷಣೆಯಲ್ಲಿ ನಾಲ್ಕು ಸ್ಟಾರ್ ಕೊಟ್ಟಿತು.

ಆ ಸಂಸ್ಥೆ 2014ರ ಜನವರಿಯಲ್ಲಿ ಇಲ್ಲಿನ ಐದು ಸಣ್ಣ ಕಾರುಗಳ ಫಲಿತಾಂಶ ಹೊರಹಾಕಿತ್ತು. ಆಲ್ಟೊ 800, ನ್ಯಾನೊ, ಐ10, ಫಿಗೊ, ಪೋಲೊ. ಗಂಟೆಗೆ 64 ಕಿ.ಮೀ. ವೇಗದಲ್ಲಿ, ಮೂತಿಯ ಶೇಕಡಾ ನಲವತ್ತು ಭಾಗ ಮಾತ್ರ ತಡೆಗೋಡೆಗೆ ಬಡಿಯುವ ಹಾಗೆ ಗುದ್ದಿಸಿದ್ದರು. ಏರ್‌ಬ್ಯಾಗ್ ಇಲ್ಲದ ಐದಕ್ಕೂ ಸೊನ್ನೆ. ಆದರೆ ಪೋಲೊ, ಫಿಗೊಗಳ ಗೂಡು ಕುಸಿದಿರಲಿಲ್ಲ. ಎರಡು ಏರ್‌ಬ್ಯಾಗ್ ಹಾಕಿ ಗುದ್ದಿಸಿದಾಗ ಪೋಲೊಗೆ ನಾಲ್ಕು ಸ್ಟಾರ್ ಬಂತು. ಏರ್‌ಬ್ಯಾಗ್ ಇಲ್ಲದ ಪೋಲೊವನ್ನು ಕಂಪನಿ ಮಾರುಕಟ್ಟೆಯಿಂದಲೇ ತೆಗೆಯಿತು.

ಸಣ್ಣ ಕಾರಿಗೆ ಸುರಕ್ಷತೆ ಬಂದದ್ದು ಹೀಗೆ. ನಾವು ಕೇಳಿದ್ದಕ್ಕೆ ಯಾರೂ ಕೊಡಲಿಲ್ಲ, ಏಕೆಂದರೆ ನಾವು ಕೇಳಲೇ ಇಲ್ಲ. ಯಾರೋ ಗುದ್ದಿಸಿ ಅಂಕ ಹಾಕಿದರು, ಆಮೇಲೆ ಕಾನೂನು ಬಂತು. ಚಾಲಕನ ಏರ್‌ಬ್ಯಾಗ್ 2019ರ ಜುಲೈಯಿಂದ ಕಡ್ಡಾಯವಾಯಿತು, ಪಕ್ಕದ ಸೀಟಿನದಕ್ಕೆ 2021ರ ಕೊನೆಯವರೆಗೂ ಕಾಯಬೇಕಾಯಿತು. ನಮ್ಮದೇ ಭಾರತ್ ಎನ್‌ಕ್ಯಾಪ್ ಶುರುವಾದದ್ದು 2023ರ ಅಕ್ಟೋಬರಿನಲ್ಲಿ.

ಈಗ ನನ್ನ ಅಕ್ಕನ ಮಗ ಶೋರೂಮಿಗೆ ಹೋದರೆ ಮೊದಲು ಕೇಳುವುದೇ "ಎಷ್ಟು ಸ್ಟಾರ್?" ಒಳ್ಳೆಯದೇ. ಆದರೆ ಏರ್‌ಬ್ಯಾಗ್ ಎಣಿಸಿದರೆ ಸಾಲದು. 2020ರಲ್ಲಿ ಪರೀಕ್ಷೆಗಿಳಿದ ಆಲ್ಟ್ರೋಜ್‌ಗೂ ಗ್ರ್ಯಾಂಡ್ ಐ10 ನಿಯೋಸ್‌ಗೂ ಎರಡೆರಡು ಏರ್‌ಬ್ಯಾಗ್ ಇದ್ದವು. ದೊಡ್ಡವರ ರಕ್ಷಣೆಯಲ್ಲಿ ಒಂದಕ್ಕೆ ಐದು ಸ್ಟಾರ್, ಇನ್ನೊಂದಕ್ಕೆ ಎರಡು.

ಇನ್ನೊಂದು ಮಾತು: ಸ್ಟಾರ್ ಸಿಗುವುದು ಬೆಲ್ಟ್ ಕಟ್ಟಿ ಕೂರಿಸಿದ ಗೊಂಬೆಗಳಿಗೆ. ಬೆಲ್ಟ್ ಹಾಕದಿದ್ದರೆ ಕಾರು ಬೀಪ್ ಎನ್ನುತ್ತದೆ ಎಂದು, ಬಕಲಿಗೆ ಸಿಕ್ಕಿಸಿ ಅದರ ಬಾಯಿ ಮುಚ್ಚಿಸುವ ಕ್ಲಿಪ್ಪನ್ನೇ ಕೊಂಡವರು ನಾವು. ಆನ್‌ಲೈನ್ ಅಂಗಡಿಗಳಿಂದ ಅದನ್ನು ತೆಗೆಸಲು 2023ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಆದೇಶ ಹೊರಡಿಸಬೇಕಾಯಿತು. ಹಿಂದಿನ ಸೀಟಿನ ಬೆಲ್ಟಂತೂ ಇಂದಿಗೂ ಎಷ್ಟೋ ಗಾಡಿಗಳಲ್ಲಿ ಕವರಿನಡಿಯೇ ಇದೆ. ಈ ಗಾಡಿಗಳೇ ಕೆಂಗೇರಿ ದಾಟಿ, 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಮೈಸೂರು ಎಕ್ಸ್‌ಪ್ರೆಸ್‌ವೇ ಏರುತ್ತವೆ. ಅಲ್ಲಿ ಮಿತಿಯೇ ನೂರು ಕಿ.ಮೀ. ಗುದ್ದಿಸಿ ನೋಡಿದ್ದು ಅರವತ್ನಾಲ್ಕರಲ್ಲಿ.

ಹೊಸ ನಿಯಮ ಹೊಸ ಗಾಡಿಗೆ ಮಾತ್ರ. ನಮ್ಮ ಕಡೆ ಮೊದಲ ಕಾರು ಸೆಕೆಂಡ್ ಹ್ಯಾಂಡ್ ಆಗಿಯೇ ಬರುವ ಮನೆಗಳು ಇಂದಿಗೂ ಕಡಿಮೆಯಿಲ್ಲ. ಅಂಥವರು ಜಾಹೀರಾತಿನ ಸ್ಟಾರ್ ನಂಬದೆ, ಆರ್‌ಸಿಯಲ್ಲಿ ತಯಾರಾದ ವರ್ಷ ನೋಡಲಿ, ವೇರಿಯೆಂಟ್ ಯಾವುದೆಂದು ಕೇಳಲಿ. ಹೆಸರು ಒಂದೇ ಇದ್ದರೂ 2012ರ ಬೇಸ್ ಮಾಡೆಲ್ಲಿನ ಸ್ಟೀರಿಂಗ್ ಒಳಗೆ ಹಾರ್ನ್ ಬಿಟ್ಟರೆ ಇನ್ನೇನೂ ಇಲ್ಲದಿರಬಹುದು.